ಮರದ ಪುಶ್ ವಾಕರ್: ವರ್ಷ ದಾಟಿದ ಮೇಲೆ ಬರೆದ ವಿಮರ್ಶೆ

ಪುಶ್ ವಾಕರ್ ಅಂದರೆ ನಡೆಯೋಕೆ ಕಲಿಯುವ ಮಗು ಹಿಡಿದು ನಿಂತು ತಳ್ಳಿಕೊಂಡು ಹೋಗುವ ಗಾಡಿ. ಅದರ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಹೆಚ್ಚಿನವು ಡಬ್ಬ ಬಿಚ್ಚಿದ ವಾರದಲ್ಲೇ ಬರೆದವು. ಬಣ್ಣ ಚೆನ್ನಾಗಿದೆ, ಮಗುವಿಗೆ ಇಷ್ಟವಾಯ್ತು, ಜೋಡಿಸೋದು ಸುಲಭ. ಅಷ್ಟಕ್ಕೇ ಮುಗಿಯುತ್ತದೆ. ಆದರೆ ಈ ಗಾಡಿಯ ಗುಣ, ದೋಷ ಗೊತ್ತಾಗೋದು ಆಮೇಲೆ. ಮಗು ಎದ್ದು ನಿಲ್ಲೋಕೆ ಶುರು ಮಾಡಿದಾಗ ಬೇಕಾಗಿದ್ದೇ ಬೇರೆ, ಧೈರ್ಯವಾಗಿ ತಳ್ಳುವಾಗ ಬೇಕಾಗಿದ್ದೇ ಬೇರೆ, ಓಡೋಕೆ ಶುರು ಮಾಡಿದ ಮೇಲೆ ಬೇಕಾಗಿದ್ದೇ ಬೇರೆ. ನಮ್ಮ ಮನೆಗೆ ಇದು ಬಂದು ವರ್ಷ ದಾಟಿದೆ. ಮಗಳು ಈಗ ಓಡುತ್ತಾಳೆ. ಗಾಡಿ ಇನ್ನೂ ದಿನಾ ಬಳಕೆಯಲ್ಲಿದೆ.

ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಬಗೆಯ ಗಾಡಿಯನ್ನು ಬೇಕಾದಷ್ಟು ಕಂಪನಿಗಳು ಮಾರುತ್ತವೆ. ನಮ್ಮದು ದಪ್ಪ ಮರದ್ದು. ಆಟಿಕೆ ತುಂಬಿಸುವಷ್ಟು ದೊಡ್ಡ ಪೆಟ್ಟಿಗೆ, ನಾಲ್ಕು ಮರದ ಚಕ್ರ, ಚಕ್ರಕ್ಕೆ ರಬ್ಬರ್ ಬಳೆ, ಮಗುವಿನ ಎದೆಯ ಎತ್ತರಕ್ಕೆ ಒಂದು ಅಡ್ಡ ಹಿಡಿ. ಮುಂದಿನ ಹಲಗೆಯಲ್ಲಿ ತಂತಿಗೆ ಪೋಣಿಸಿದ ಮಣಿಗಳು, ತಿರುಗಿಸುವ ಹಲ್ಲುಚಕ್ರಗಳು.

ಇದನ್ನೂ ಮಗುವನ್ನು ಕೂರಿಸುವ ವಾಕರನ್ನೂ ಒಂದೇ ಅಂದುಕೊಳ್ಳಬೇಡಿ. ಅದರಲ್ಲಿ ಮಗುವನ್ನು ನಡುವಿನ ಸೀಟಿನಲ್ಲಿ ಕೂರಿಸುತ್ತಾರೆ, ಸುತ್ತ ಚಕ್ರ ಇರುತ್ತದೆ, ಮಗು ಕಾಲ್ತುದಿಯಿಂದ ನೆಲ ಒದ್ದು ಸಾಗುತ್ತದೆ. ನಮ್ಮ ಅತ್ತೆಗೆ ಅದೇ ಬೇಕಿತ್ತು. "ಅದರಲ್ಲಿ ಕೂರಿಸಿದ್ರೆ ನಿನಗೂ ಒಂದು ಗಳಿಗೆ ಕೈ ಬಿಡುವಾಗುತ್ತೆ ಕಣಮ್ಮ" ಅಂದರು. ಅವರು ಹೇಳಿದ್ದು ನನ್ನ ಮೇಲಿನ ಕಾಳಜಿಯಿಂದಲೇ. ಇಡೀ ದಿನ ಬಗ್ಗಿಕೊಂಡು ಮಗುವಿನ ಎರಡೂ ಕೈ ಹಿಡಿದು ನಡೆಸಿದವರಿಗೆ ಆ ಸೊಂಟನೋವು ಏನು ಅಂತ ಗೊತ್ತು. "ನಮಗೆ ಬಿಡುವಾದ ಹೊತ್ತಲ್ಲೇ ಅವಳು ಮೆಟ್ಟಿಲ ಹತ್ತಿರ ಹೋಗಿರ್ತಾಳೆ ಅತ್ತೆ, ಅದೇ ನನಗೆ ಭಯ" ಅಂದೆ.

ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಕೂರಿಸುವ ವಾಕರ್ ಒಂದು ಸೆಕೆಂಡಿಗೆ ಮೂರು ಅಡಿಗಿಂತ ಜಾಸ್ತಿ ಸಾಗಬಲ್ಲದು. ದೊಡ್ಡವರು ಅದೇ ಕೋಣೆಯಲ್ಲಿದ್ದರೂ ಹೋಗಿ ಹಿಡಿಯೋಕೆ ಆಗಲ್ಲ. ಕೆನಡಾ 2004ರಲ್ಲೇ ಇವುಗಳ ಮಾರಾಟವನ್ನು ನಿಷೇಧಿಸಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ತಮ್ಮ ದೇಶದಲ್ಲೂ ನಿಷೇಧ ಆಗಬೇಕು ಅಂತ ಬಹಳ ವರ್ಷದಿಂದ ಕೇಳುತ್ತಿದೆ. 1990ರಿಂದ 2014ರವರೆಗೆ ಅಮೆರಿಕದಲ್ಲಿ 15 ತಿಂಗಳೊಳಗಿನ 2,30,000ಕ್ಕೂ ಹೆಚ್ಚು ಮಕ್ಕಳು ಈ ವಾಕರ್‌ಗಳಿಂದ ಪೆಟ್ಟಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದಿದ್ದರು ಅಂತ 2018ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಅದರಲ್ಲಿ ನಾಲ್ಕನೇ ಮೂರು ಪಾಲಿನಷ್ಟು ಮೆಟ್ಟಿಲಿಂದ ಉರುಳಿದ್ದು. ಪೆಟ್ಟು ಬಿದ್ದಿದ್ದು ಹೆಚ್ಚಾಗಿ ತಲೆಗೆ, ಕತ್ತಿಗೆ. ಇದನ್ನು ಹೇಳಿದ ಮೇಲೆ ಅತ್ತೆಯೇ "ಹಾಗಾದ್ರೆ ಬೇಡವೇ ಬೇಡ ಬಿಡು" ಅಂದರು.

ಹಾಗಂತ ತಳ್ಳುವ ಗಾಡಿ ಇದ್ದರೆ ಮಗುವೊಂದನ್ನೇ ಬಿಟ್ಟು ಹೋಗಬಹುದು ಅಂತಲ್ಲ. ಮೆಟ್ಟಿಲಿಗೆ ಗೇಟ್ ಹಾಕಿಸದೆ ಇದನ್ನೂ ಮನೆಗೆ ತರಬೇಡಿ. ಮಗು ಗಾಡಿ ಹಿಡಿದಿದ್ದಾಗ ದೊಡ್ಡವರೊಬ್ಬರು ಕೈಗೆಟುಕುವಷ್ಟು ದೂರದಲ್ಲಿ ಇರಲೇಬೇಕು. ಬಿಡುವು ಕೊಡುವ ಸಾಮಾನು ಇದಲ್ಲ.

ಈಗ ಮುಖ್ಯ ವಿಷಯ. ಪುಶ್ ವಾಕರ್‌ನಲ್ಲಿ ನೋಡಬೇಕಾದ್ದು ಚಕ್ರದ ಬಿಗಿ. ಬಣ್ಣ, ಮಣಿ, ಹಾಡು ಹಾಡುವ ಗುಂಡಿ ಎಲ್ಲ ಆಮೇಲೆ. ನಿಲ್ಲೋಕೆ ಹೊಸದಾಗಿ ಕಲಿತ ಮಗು ತನ್ನ ಅರ್ಧ ಭಾರವನ್ನು ಹಿಡಿಯ ಮೇಲೆ ಹಾಕಿರುತ್ತದೆ. ಗಾಡಿ ಸರಕ್ಕನೆ ಮುಂದೆ ಹೋದರೆ ಕೈ ಅಲ್ಲಿ, ಕಾಲು ಇಲ್ಲಿ. ಮೈ ಉದ್ದಕ್ಕೆ ಚಾಚಿ, ಮುಖ ಅಡಿಯಾಗಿ ಬೀಳುತ್ತದೆ. ನುಣುಪಾದ ಟೈಲ್ಸ್ ನೆಲದಲ್ಲಿ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಬಿಡುತ್ತದೆ. ನಮ್ಮ ಗಾಡಿಯ ಹಿಂದಿನ ಚಕ್ರಗಳಲ್ಲಿ ಬಿಗಿ ಮಾಡುವ ನಟ್ಟು ಇದೆ. ಜೊತೆಗೆ ಬಂದ ಪುಟ್ಟ ಕೀಲಿಯಿಂದ ಅದನ್ನು ತಿರುಗಿಸಿದರೆ ಚಕ್ರ ಉಜ್ಜಿಕೊಂಡು ನಿಧಾನವಾಗುತ್ತದೆ. ಈ ಒಂದು ನಟ್ಟಿಗಾಗಿಯೇ ನಾನು ಈ ಗಾಡಿಯನ್ನು ಬೇರೆಯವರಿಗೂ ತಗೊಳ್ಳಿ ಅಂತ ಹೇಳೋದು.

ಬಿಗಿ ಎಷ್ಟಿರಬೇಕು ಅಂತ ನೋಡೋಕೆ ನಾವು ಒಂದು ಉಪಾಯ ಮಾಡಿಕೊಂಡೆವು. ಖಾಲಿ ಗಾಡಿಯನ್ನು ಒಂದೇ ಬೆರಳಿಂದ ತಳ್ಳಿ, ಬೆರಳು ತೆಗೆಯಬೇಕು. ಗಾಡಿ ಅಲ್ಲೇ ನಿಂತರೆ ಸರಿ. ತಾನಾಗೇ ಒಂದು ಗೇಣು ಮುಂದೆ ಹೋದರೆ ಇನ್ನೂ ಬಿಗಿ ಬೇಕು. ಎರಡೂ ಕಡೆ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಬಳಸುತ್ತ ಹೋದಂತೆ ನಟ್ಟು ಸಡಿಲವಾಗುತ್ತದೆ, ಆದ್ದರಿಂದ ಆಗಾಗ ನೋಡುತ್ತಿರಬೇಕು. ಮಗಳ ಹೆಜ್ಜೆ ಗಟ್ಟಿಯಾದ ಹಾಗೆ ನಾವೇ ಸ್ವಲ್ಪ ಸ್ವಲ್ಪ ಸಡಿಲ ಮಾಡುತ್ತ ಬಂದೆವು. ಬಿಗಿ ಮಾಡೋಕೆ ಆಗದ ಗಾಡಿ ಈಗಾಗಲೇ ನಿಮ್ಮಲ್ಲಿದ್ದರೆ ಅದನ್ನು ಟೈಲ್ಸ್ ಮೇಲೆ ಬಿಡದೆ ಚಾಪೆ ಅಥವಾ ದಪ್ಪ ರಗ್ಗಿನ ಮೇಲೆ ಕೊಡಿ, ಒಳಗೆ ಭಾರ ಇಡಿ.

ಭಾರದ ವಿಷಯದಲ್ಲಿ ಇನ್ನೊಂದಿದೆ. ಮಗು ಮೊದಲು ಈ ಗಾಡಿಯನ್ನು ತಳ್ಳೋಕೆ ಬಳಸಲ್ಲ, ಹಿಡಿದು ಏಳೋಕೆ ಬಳಸುತ್ತದೆ. ಕೂತಲ್ಲಿಂದ ಹಿಡಿಗೆ ಜೋತುಬಿದ್ದು ಮೇಲೇಳುತ್ತದೆ. ಹಿಡಿಯು ಹಿಂದಿನ ಚಕ್ರಕ್ಕಿಂತ ಆಚೆ ಚಾಚಿಕೊಂಡಿದ್ದರೆ ಗಾಡಿ ಮುಂಭಾಗ ಎತ್ತಿಕೊಂಡು ಮಗುವಿನ ಮೇಲೇ ಮಗುಚುತ್ತದೆ. ನಮ್ಮದರಲ್ಲಿ ಹಿಡಿ ಹಿಂದಿನ ಚಕ್ರದ ನೇರಕ್ಕಿದೆ, ಅದೊಂದು ಪುಣ್ಯ. ಆದರೂ ಪೆಟ್ಟಿಗೆಯಲ್ಲಿ ಮುಂದಿನ ಚಕ್ರದ ಕಡೆಗೆ ಹಳೇ ಪತ್ರಿಕೆಗಳ ಕಟ್ಟು ಇಟ್ಟೆವು. ಕೊಳ್ಳುವ ಮೊದಲು ಹಿಡಿಯನ್ನು ಅಂಗೈಯಿಂದ ಜೋರಾಗಿ ಕೆಳಕ್ಕೆ ಒತ್ತಿ ನೋಡಿ. ಮುಂದಿನ ಚಕ್ರ ನೆಲ ಬಿಟ್ಟರೆ ಆ ಗಾಡಿ ಬೇಡ, ಎಷ್ಟೇ ಚೆಂದ ಇದ್ದರೂ. ಪ್ಲಾಸ್ಟಿಕ್ಕಿನ ಹಗುರ ಗಾಡಿಗಳಲ್ಲಿ ಇದನ್ನು ಇನ್ನೂ ಜಾಗ್ರತೆಯಿಂದ ನೋಡಬೇಕು.

ಈ ಗಾಡಿಯ ದೊಡ್ಡ ಕೊರತೆ ಅಂದರೆ ಇದು ತಿರುಗಲ್ಲ. ನಾಲ್ಕು ಚಕ್ರವೂ ನೇರಕ್ಕೆ ಕೂತಿವೆ. ಕೋಣೆಯ ಆ ತುದಿಗೆ ಹೋದ ಕೂಡಲೇ ಗೋಡೆ. ಆಗ ಮಗು ದೂಕುತ್ತದೆ, ಮತ್ತೆ ದೂಕುತ್ತದೆ, ಆಮೇಲೆ ಕಿರುಚುತ್ತದೆ. ಮೊದಮೊದಲು ಪ್ರತಿ ಸಲವೂ ನಾವೇ ಎದ್ದು ಹೋಗಿ ತಿರುಗಿಸಿ ಕೊಡುತ್ತಿದ್ದೆವು. ಇದು ಸಾಕು ಸಾಕು ಅನ್ನಿಸುವ ಕೆಲಸ. ಒಂದು ಸಂಜೆ ಗಾಡಿ ಸೋಫಾ ಕಾಲಿಗೆ ಸಿಕ್ಕಿಕೊಂಡಿತು. ನಮ್ಮವರು ಎದ್ದರು. "ತಾಳ್ರೀ, ಏನು ಮಾಡ್ತಾಳೆ ನೋಡೋಣ" ಅಂದೆ. ಅವಳು ಹಿಡಿಯನ್ನು ಎರಡು ಸಲ ಅಲ್ಲಾಡಿಸಿದಳು. ನಮ್ಮ ಕಡೆ ತಿರುಗಿ ನೋಡಿದಳು. ಯಾರೂ ಏಳಲಿಲ್ಲ. ದೊಪ್ಪನೆ ಕೂತಳು, ಅಂಬೆಗಾಲಿಡುತ್ತ ಗಾಡಿಯ ಪಕ್ಕದಿಂದ ಮುಂದಕ್ಕೆ ಹೋದಳು, ಸೋಫಾಗೂ ಗಾಡಿಗೂ ನಡುವಿನ ಸಂದಿಯಲ್ಲಿ ತೂರಿಕೊಂಡಳು. ಮಣಿಗಳ ತಂತಿ ಹಿಡಿದು ಎದ್ದು ನಿಂತು, ಅಲ್ಲಿಂದ ಗಾಡಿಯನ್ನು ಹಿಂದಕ್ಕೆ ತಳ್ಳಿಕೊಂಡು ಬಂದಳು. ಹಿಡಿ ಮುಂದಾಯ್ತು, ಹಲಗೆ ಹಿಂದಾಯ್ತು. ಆಮೇಲೆ ಅವಳಿಗೆ ಯಾವ ಕಡೆಯಾದರೂ ಒಂದೇ ಆಗಿಹೋಯ್ತು. ಗಾಡಿಯನ್ನು ಅರ್ಧ ಎತ್ತಿ ತಿರುಗಿಸೋದು ಕಲಿತಿದ್ದು ಅದಕ್ಕೂ ತುಂಬ ಆಮೇಲೆ. ಮುಂದಿನ ಚಕ್ರ ಸುತ್ತ ತಿರುಗುವ ಗಾಡಿಗಳೂ ಸಿಗುತ್ತವೆ. ಆದರೆ ಹೊಸದಾಗಿ ನಿಲ್ಲುವ ಮಗುವಿಗೆ ಅವು ಪಕ್ಕಕ್ಕೆ ಜಾರುತ್ತವೆ. ತಿರುಗದ ಗಾಡಿಯೇ ವಾಸಿ ಅಂತ ನನ್ನ ಅನುಭವ.

ಇದರಿಂದ ಮಗು ಬೇಗ ನಡೆಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಡಬ್ಬದ ಮೇಲೆ ಹಾಗೇ ಬರೆದಿರುತ್ತದೆ. ನನಗೆ ಹಾಗೆ ಅನ್ನಿಸಲಿಲ್ಲ. ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ಯಾವುದನ್ನೂ ಹಿಡಿಯದೆ ನಡೆಯೋಕೆ ಮಕ್ಕಳು 8.2 ತಿಂಗಳಿಂದ 17.6 ತಿಂಗಳವರೆಗೆ ಯಾವಾಗ ಬೇಕಾದರೂ ಶುರು ಮಾಡಬಹುದು. ಎಷ್ಟು ಅಗಲವಾದ ಅವಧಿ ನೋಡಿ! ಹತ್ತು ತಿಂಗಳಿಗೆ ನಡೆದ ಮಗುವೂ ಸರಿ, ಹದಿನಾರಕ್ಕೆ ನಡೆದ ಮಗುವೂ ಸರಿ. ಅಲ್ಲಿ ಕೆಲವು ಮಕ್ಕಳು ಅಂಬೆಗಾಲನ್ನೇ ಇಡದೆ ನಡೆದಿದ್ದರು. "ಇನ್ನೂ ನಡೀತಿಲ್ವಾ?" ಅಂತ ಕೇಳುವವರ ಮಾತಿಗೆ ಹೆದರಿ ಯಾವ ಸಾಮಾನನ್ನೂ ಕೊಳ್ಳಬೇಡಿ. ಹದಿನೆಂಟು ತಿಂಗಳಾದರೂ ಮಗು ತಾನಾಗಿ ನಡೆಯದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಆಗ ಬೇಕಿರೋದು ಅವರ ಸಲಹೆ.

ನಡಿಗೆ ಕಲಿಯೋದು ನೆಲದ ಮೇಲೆ, ಬೀಳುತ್ತ ಏಳುತ್ತ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 12ರಿಂದ 19 ತಿಂಗಳ ಮಕ್ಕಳನ್ನು ಆಡೋಕೆ ಬಿಟ್ಟು ಎಣಿಸಿ, 2012ರಲ್ಲಿ ಪ್ರಕಟಿಸಿದ ಸಂಖ್ಯೆ ಓದಿ ನಾನು ಬೆರಗಾದೆ: ಸರಾಸರಿ ಗಂಟೆಗೆ 2,368 ಹೆಜ್ಜೆ, 17 ಸಲ ಬೀಳೋದು. ಇಷ್ಟು ಅಭ್ಯಾಸವನ್ನು ಯಾವ ಗಾಡಿ ಕೊಡೋಕೆ ಸಾಧ್ಯ? ಗಾಡಿ ಹಿಡಿದಾಗ ಮಗು ಒಂದೇ ದಿಕ್ಕಿಗೆ ಹೋಗುತ್ತದೆ. ಕೈಬಿಟ್ಟಾಗ ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತದೆ, ಪಕ್ಕಕ್ಕೆ ಹೊರಳುತ್ತದೆ, ಬಗ್ಗುತ್ತದೆ, ಕುಕ್ಕರಿಸುತ್ತದೆ. ನಮ್ಮ ಮಗಳು ಮೊದಲು ಕೈಬಿಟ್ಟು ನಡೆದಿದ್ದು ಗಾಡಿಯಿಂದಲ್ಲ, ಸೋಫಾದಿಂದ ಅವರಪ್ಪನ ಮಂಡಿಯವರೆಗೆ. ಕಾಲು ಅಗಲ ಮಾಡಿ, ಎರಡೂ ಕೈ ಭುಜದ ಮಟ್ಟಕ್ಕೆ ಎತ್ತಿಕೊಂಡು. ಹಾಗಾದರೆ ಗಾಡಿಯಿಂದ ಏನು ಬಂತು? ಧೈರ್ಯ ಬಂತು ಅಂತ ಹೇಳಬಲ್ಲೆ. ದೊಡ್ಡವರ ಕೈ ಹಿಡಿಯದೆ ತನಗೆ ಬೇಕಾದ ಕಡೆ ನಿಂತುಕೊಂಡೇ ಹೋಗಬಹುದು ಅಂತ ಅವಳಿಗೆ ಗೊತ್ತಾಯ್ತು. ಆ ಖುಷಿ ಅವಳ ಮುಖದಲ್ಲಿ ಕಾಣುತ್ತಿತ್ತು. ನನಗೂ ಸೊಂಟಕ್ಕೆ ಸ್ವಲ್ಪ ಬಿಡುವು ಸಿಕ್ಕಿತು. ಗಾಡಿಯನ್ನು ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ಇಟ್ಟು, ಉಳಿದ ಹೊತ್ತೆಲ್ಲ ಬರಿಗಾಲಲ್ಲಿ ನೆಲದ ಮೇಲೆ ಬಿಟ್ಟೆವು.

ಬಾಳಿಕೆ ಹೇಗೆ? ಮರ ಗಟ್ಟಿ, ಒಂದು ಬಿರುಕೂ ಬಂದಿಲ್ಲ. ಹಲ್ಲು ಬರುವಾಗ ಅವಳು ಹಿಡಿಯನ್ನು ಕಚ್ಚಿದ್ದೇ ಕಚ್ಚಿದ್ದು, ಅಲ್ಲಿ ಸಾಲಾಗಿ ಗುರುತು ಬಿದ್ದಿದೆ, ಬಣ್ಣ ಮಾತ್ರ ಎದ್ದಿಲ್ಲ. ಸೋತಿದ್ದು ರಬ್ಬರ್ ಬಳೆ. ಕೆಲವೇ ತಿಂಗಳಲ್ಲಿ ಅಂಟು ಬಿಟ್ಟು ಚಕ್ರದಿಂದ ಕಳಚಿಕೊಳ್ಳತೊಡಗಿತು. ಬಳೆ ಇಲ್ಲದೆ ಮರದ ಚಕ್ರ ಟೈಲ್ಸ್ ಮೇಲೆ ಜಾರುತ್ತದೆ, ಸದ್ದೂ ಜಾಸ್ತಿ, ಕೆಳಗಿನ ಮನೆಯವರಿಗೆ ತೊಂದರೆ. ಕಂಪನಿಗೆ ಫೋಟೋ ಕಳಿಸಿದೆ. ಹೊಸ ಬಳೆಗಳು ಬಂದವು, ಆದರೆ ಮತ್ತೆ ಮತ್ತೆ ನೆನಪಿಸಿದ ಮೇಲೆ. ಈ ಬೆಲೆಯ ಸಾಮಾನಿಗೆ ಅಂಟು ಇಷ್ಟು ಬೇಗ ಬಿಡಬಾರದಿತ್ತು.

ಹಲ್ಲುಚಕ್ರದಲ್ಲೂ ಒಂದು ಅಲ್ಲಾಡತೊಡಗಿತು. ಅದನ್ನು ಆ ಕ್ಷಣವೇ ಬಿಚ್ಚಿ ಎತ್ತಿಟ್ಟೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಗಂಟಲಿಗೆ ಸಿಕ್ಕುವಂಥ ಸಣ್ಣ ಭಾಗ ಕಳಚಿ ಬರಬಾರದು. ಅಮೆರಿಕದಲ್ಲಿ ಇದನ್ನು 31.7 ಮಿಲಿಮೀಟರ್ ಅಗಲದ ಕೊಳವೆಯಲ್ಲಿ ಹಾಕಿ ನೋಡುತ್ತಾರೆ, ಅದರೊಳಗೆ ಪೂರ್ತಿ ಹಿಡಿಸಿದರೆ ಆ ಆಟಿಕೆ ಮಾರುವಂತಿಲ್ಲ. ಮಣಿ, ಸ್ಕ್ರೂ, ಹಲ್ಲುಚಕ್ರ ಎಲ್ಲವನ್ನೂ ನೀವೇ ಕೈಯಿಂದ ಎಳೆದು ನೋಡುತ್ತಿರಿ. ಹಾಗೇ ಚಕ್ರದ ಅಚ್ಚಿಗೆ ಕೂದಲು, ದಾರ ಸುತ್ತಿಕೊಳ್ಳುತ್ತದೆ. ಅದನ್ನು ಕತ್ತರಿಯಿಂದ ಕತ್ತರಿಸಿ ತೆಗೆಯದಿದ್ದರೆ ಒಂದು ಚಕ್ರ ಮಾತ್ರ ಬಿಗಿಯಾಗಿ ಗಾಡಿ ಓರೆಯಾಗಿ ಹೋಗುತ್ತದೆ.

ನಡೆಯೋಕೆ ಬಂದ ಮೇಲೆ ಗಾಡಿ ಮೂಲೆ ಸೇರುತ್ತದೆ ಅಂದುಕೊಂಡಿದ್ದೆ. ಆದರೆ ಅತಿ ಹೆಚ್ಚು ಬಳಕೆ ಆಗಿದ್ದು ಆಮೇಲೆಯೇ. ಒಳಗೆ ಗೊಂಬೆ ಹೇರುತ್ತಾಳೆ, ಪುಸ್ತಕ ಹೇರುತ್ತಾಳೆ, ಒಗೆದು ಒಣಗಿಸಿದ ಬಟ್ಟೆಯನ್ನು ನನ್ನ ಜೊತೆ ಕಪಾಟಿನವರೆಗೆ ತರುತ್ತಾಳೆ. ಹೇರೋಕೆ ಬಗ್ಗಬೇಕು, ಭಾರ ತಳ್ಳೋಕೆ ಕಾಲೂರಬೇಕು, ಬಾಗಿಲ ಹೊಸ್ತಿಲಲ್ಲಿ ಹಿಂದೆ ಎಳೆಯಬೇಕು. ಪೆಟ್ಟಿಗೆ ಇರುವ ಗಾಡಿಯನ್ನೇ ಆರಿಸಿ ಅಂತ ಹೇಳೋದು ಇದಕ್ಕೇ. ಬರೀ ಹಿಡಿ ಮತ್ತು ಆಟಿಕೆ ಹಲಗೆ ಇರುವ ಗಾಡಿಗಳಿಗೆ ನಡಿಗೆ ಬಂದ ಮೇಲೆ ಕೆಲಸವಿಲ್ಲ.

ಮನೆ ಚಿಕ್ಕದು, ಕೋಣೆ ತುಂಬ ಸಾಮಾನು ಅಂದರೆ ಕೊಳ್ಳಬೇಡಿ. ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿ ಕೊಟ್ಟರೂ ಮಕ್ಕಳು ಅಷ್ಟೇ ಹುಮ್ಮಸ್ಸಿನಿಂದ ತಳ್ಳುತ್ತಾರೆ, ಅದು ಸರಕ್ಕನೆ ಓಡುವುದೂ ಇಲ್ಲ. ಜಾಗ ಇದ್ದು, ನಟ್ಟು ಮತ್ತು ಪೆಟ್ಟಿಗೆ ಎರಡೂ ಇರುವ ಗಾಡಿ ಸಿಕ್ಕರೆ ಧಾರಾಳವಾಗಿ ತಗೊಳ್ಳಿ. ಆದರೆ ಮಗು ತಾನಾಗಿ ಸೋಫಾ ಹಿಡಿದು ಎದ್ದು, ಅಡ್ಡಡ್ಡ ಹೆಜ್ಜೆ ಹಾಕೋಕೆ ಶುರು ಮಾಡುವವರೆಗೆ ಡಬ್ಬ ಬಿಚ್ಚಬೇಡಿ. ನನ್ನ ತಂಗಿಯ ಮಗ ಈಗ ಆ ಹಂತದಲ್ಲಿದ್ದಾನೆ, ಮುಂದಿನ ತಿಂಗಳು ಈ ಗಾಡಿ ಅವರ ಮನೆಗೆ ಹೋಗಬೇಕು. ಅಷ್ಟರಲ್ಲಿ ಸಡಿಲ ಮಾಡಿದ ನಟ್ಟುಗಳನ್ನು ಮತ್ತೆ ಬಿಗಿ ಮಾಡಬೇಕು. ಮಗಳಿಗೆ ಬಟ್ಟೆ ಸಾಗಿಸೋಕೆ ಬೇರೆ ಪೆಟ್ಟಿಗೆಯನ್ನೂ ಹುಡುಕಬೇಕು.