ಕೂಸಿನ ತಲೆಯ ಹೆಲ್ಮೆಟ್: ವಿಜಯಪುರದ ಬೇಸಿಗೆಯಲ್ಲಿ ನಾಲ್ಕೂವರೆ ತಿಂಗಳು

ಮೊದಲು ವಾಸನೆಯ ವಿಷಯ ಹೇಳಿಬಿಡಬೇಕು, ಯಾಕೆಂದರೆ ಮಾರುವವರು ಅದನ್ನು ಹೇಳುವುದಿಲ್ಲ. ಒಂದು ಕಡೆ ಚಪ್ಪಟೆಯಾದ ಕೂಸಿನ ತಲೆ ಗುಂಡಗಾಗಲೆಂದು ಫೆಬ್ರವರಿಯಲ್ಲಿ ಹಾಕಲು ಶುರು ಮಾಡಿದ ಹೆಲ್ಮೆಟ್ ಮಾರ್ಚ್ ನಡುವಿಗೆ ಹುಳಿ ಮಜ್ಜಿಗೆಯ ಹಾಗೆ ನಾರುತ್ತದೆ. ಊರಿನ ಬಿಸಿಲು 40 ಡಿಗ್ರಿ ಮುಟ್ಟುವ ಹೊತ್ತಿಗೆ ಕೂಸನ್ನು ಎತ್ತಿಕೊಂಡವರ ಭುಜಕ್ಕೂ ಆ ವಾಸನೆ ಹತ್ತಿಕೊಳ್ಳುತ್ತದೆ. ಒಳಗಿನ ಫೋಮ್ ನೀರು ಹೀರುವಂಥದ್ದಲ್ಲ. ಬೆವರು ಚರ್ಮಕ್ಕೂ ಫೋಮಿಗೂ ನಡುವೆ ಪದರಾಗಿ ನಿಂತು, ನೆತ್ತಿಯ ಜಿಡ್ಡಿನ ಜೊತೆ ಸೇರಿ ಕೊಳೆಯುತ್ತದೆ. ದಿನಕ್ಕೆ 23 ತಾಸು ತಲೆಯ ಮೇಲಿರುವ ವಸ್ತುವಿಗೆ ಇದು ಸಣ್ಣ ದೋಷವಲ್ಲ.

ಪರಿಮಳದ ವೆಟ್ ವೈಪ್ಸ್‌ನಿಂದ ಒರೆಸುವುದು ಎಲ್ಲರೂ ಮಾಡುವ ತಪ್ಪು. ಅದರ ಲೋಷನ್ ಫೋಮಿನ ಮೇಲೆ ಉಳಿದು, ಮರುದಿನ ಕಿವಿಯ ಹಿಂದೆ ಕೆಂಪು ಗುಳ್ಳೆ ಏಳುತ್ತವೆ. ಸರಿಯಾದ ದಾರಿ ಹೀಗೆ: ಉಗುರುಬೆಚ್ಚಗಿನ ನೀರಿನ ಒಂದು ಬಟ್ಟಲಿಗೆ ಎರಡು ಹನಿ ಬೇಬಿ ಶಾಂಪೂ, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಒಳಭಾಗವನ್ನೆಲ್ಲ ಉಜ್ಜಿ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸುವುದು. ನೀರಿನಲ್ಲಿ ಮುಳುಗಿಸಬಾರದು. ಬೋರಿನ ಗಡಸು ನೀರಾದರೆ ಒಣಗಿದ ಮೇಲೆ ಬಿಳಿ ಉಪ್ಪು ಕೂರುತ್ತದೆ, ಕೊನೆಯ ಒರೆತಕ್ಕೆ ಫಿಲ್ಟರ್ ನೀರೇ ಬೇಕು. ವಾಸನೆ ಜಗ್ಗದಿದ್ದರೆ ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲನ್ನು ಅರಿವೆಗೆ ಹಾಕಿ ಒರೆಸಿ, ಅದರ ಘಾಟು ಪೂರ್ತಿ ಹೋಗುವ ತನಕ ಫ್ಯಾನಿನ ಕೆಳಗೆ ಬೋರಲಾಗಿ ಇಡಬೇಕು. ಮಾಳಿಗೆಯ ಬಿಸಿಲಿಗೆ ಒಣಹಾಕುವುದು, ಹೇರ್ ಡ್ರೈಯರ್ ಹಿಡಿಯುವುದು, ನಿಂತ ಕಾರಿನಲ್ಲಿ ಬಿಟ್ಟುಹೋಗುವುದು ಮೂರೂ ಬೇಡ. ಶಾಖಕ್ಕೆ ಫೋಮ್ ಆಕಾರ ಬಿಡುತ್ತದೆ, ಆಮೇಲೆ ಅದು ಆ ತಲೆಯ ಹೆಲ್ಮೆಟ್ಟೇ ಅಲ್ಲ.

ಉಳಿದ ಆ ಒಂದು ತಾಸು ಮಾತ್ರ ದಿನದ ಹಬ್ಬ. ಹೆಲ್ಮೆಟ್ ಬಿಚ್ಚಿದ ಕೂಡಲೇ ಮೊದಲ ಕೆಲಸ ಬೆಳಕಿಗೆ ಹಿಡಿದು ನೆತ್ತಿ ನೋಡುವುದು. ಗುಲಾಬಿ ಗುರುತು ಒಂದು ತಾಸಿನೊಳಗೆ ಮಾಯವಾದರೆ ಚಿಂತೆಯಿಲ್ಲ. ಉಳಿದರೆ, ಗುಳ್ಳೆಯೆದ್ದರೆ, ಮತ್ತೆ ಹಾಕದೆ ಹೆಲ್ಮೆಟ್ಟಿಗೆ ಅಳತೆ ತೆಗೆದ ಕೇಂದ್ರಕ್ಕೆ ಫೋಟೊ ಕಳಿಸಬೇಕು. ಆಮೇಲೆ ಎರೆಯುವುದು. ಮನೆಯ ಆಯಿಗೆ ಎಣ್ಣೆಯಿಲ್ಲದ ಎರೆತ ಎರೆತವೇ ಅಲ್ಲ. ಎಣ್ಣೆ ಮೈಗಷ್ಟೇ ಇರಲಿ, ತಲೆಗೆ ಬೇಡ ಎಂದು ಒಪ್ಪಿಸುವುದು ಇಡೀ ಚಿಕಿತ್ಸೆಯ ಕಠಿಣ ಭಾಗ. ನೆತ್ತಿಯ ಜಿಡ್ಡಿಗೆ ಹೆಲ್ಮೆಟ್ ಜಾರಿ ತಿರುಗುತ್ತದೆ. ಪೌಡರ್ ಬೆವರಿನಲ್ಲಿ ಹಿಟ್ಟಾಗಿ ಉಜ್ಜುತ್ತದೆ. ಲೋಬಾನದ ಹೊಗೆಯಲ್ಲಿ ಕೂದಲು ಒಣಗಿಸುವುದೂ ಬೇಡ, ಕೂಸಿನ ಎದೆಗೆ ಹೊಗೆ ಒಳ್ಳೆಯದಲ್ಲ. ಹಳೆಯ ಧೋತರದಿಂದ ಒತ್ತಿ ಒರೆಸಿ ಹತ್ತು ನಿಮಿಷ ಗಾಳಿಗೆ ಬಿಟ್ಟರೆ ಸಾಕು. ಒದ್ದೆ ಕೂದಲ ಮೇಲೆ ಹಾಕಿದ್ದೇ ಹೆಚ್ಚಿನ ಗುಳ್ಳೆಗಳಿಗೆ ಕಾರಣ.

ಜಾವಳದ ದಿನವನ್ನೂ ಮೊದಲೇ ಲೆಕ್ಕ ಹಾಕಿ. ತೆಗೆಸುವುದಾದರೆ ತಲೆಯ ಅಳತೆ ತೆಗೆಯುವ ಸ್ಕ್ಯಾನಿಗೆ ಮುಂಚೆ, ಇಲ್ಲವೇ ಎಲ್ಲ ಮುಗಿದ ಮೇಲೆ. ನಡುವೆ ಬೋಳಿಸಿದರೆ ಹೆಲ್ಮೆಟ್ ಕೂರುವ ರೀತಿ ಬದಲಾಗುತ್ತದೆ, ಮೊಳೆಯುವ ಕೂದಲು ಚುಚ್ಚುತ್ತದೆ.

ತಲೆ ಮುಚ್ಚಿದಾಗ ಮೈ ತೆರೆದಿರಬೇಕು. ತೆಳು ಹತ್ತಿಯ ತೋಳಿಲ್ಲದ ಒಂದು ಜಬಲಾ, ಅಷ್ಟೇ. ನಮ್ಮ ಕಡೆಯ ಗಾಳಿ ಒಣದು, ಹಾಗಾಗಿ ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಿ ನೇರ ಮುಖಕ್ಕೆ ಬಡಿಯದಿರಲಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೆಲ್ಮೆಟ್ ತೆಗೆದಿಡಿ.

ಇನ್ನು ತಕರಾರು. ಬೆಲೆಯ ಚೀಟಿಯಲ್ಲಿ ಕಾಣದ ಖರ್ಚು ಓಡಾಟದ್ದು. ತಲೆ ಬೆಳೆದಂತೆ ಎರಡು ವಾರಕ್ಕೊಮ್ಮೆ ಒಳಗಿನ ಫೋಮನ್ನು ಕೆರೆದು ಜಾಗ ಮಾಡಿಕೊಡಬೇಕು. ಅಳತೆ ತೆಗೆದ ಕೇಂದ್ರ ಬೆಂಗಳೂರಿನಲ್ಲಿ. ನಾಲ್ಕೂವರೆ ತಿಂಗಳಲ್ಲಿ ಒಂಬತ್ತು ಸಲ ರಾತ್ರಿ ರೈಲು. ಹಣ ಕಟ್ಟುವಾಗ ಮರುಭೇಟಿಗಳು ಬೆಲೆಯಲ್ಲೇ ಸೇರಿವೆಯೇ, ತಲೆ ಬೇಗ ಬೆಳೆದು ಎರಡನೆಯದು ಬೇಕಾದರೆ ಎಷ್ಟು ಎಂದು ಬರೆಸಿಕೊಳ್ಳಿ. ಇಲ್ಲಿ ಬಾಯಿಮಾತಿನಲ್ಲಿ ಉಚಿತವಾಗಿದ್ದದ್ದು ಮೂರನೇ ಭೇಟಿಗೆ ಬಿಲ್ಲಾಯಿತು. ಹಾಗಂತ ಮನೆಯಲ್ಲೇ ಬ್ಲೇಡ್ ಹಿಡಿದು ಫೋಮ್ ಕೆರೆಯಬೇಡಿ. ಹೆಲ್ಮೆಟ್ ತಿರುಗುತ್ತಿದ್ದರೆ ಪಟ್ಟಿ ಬಿಗಿ ಮಾಡಿ ಫಲವಿಲ್ಲ, ಒಳಗಿನ ಕೂರುವಿಕೆಯೇ ತಪ್ಪಿರುತ್ತದೆ. ತಿರುಗಿದ ಹೆಲ್ಮೆಟ್ ಬೇಕಾದಲ್ಲಿ ಖಾಲಿ ಬಿಡದೆ ಬೇಡದಲ್ಲಿ ಬಿಡುತ್ತದೆ.

ಏಕೆಂದರೆ ಇದು ತಲೆಯನ್ನು ಹಿಸುಕಿ ಆಕಾರ ಕೊಡುವುದಿಲ್ಲ. ಉಬ್ಬಿದ ಕಡೆ ಫೋಮ್ ತಾಗಿಕೊಂಡಿರುತ್ತದೆ, ಚಪ್ಪಟೆ ಕಡೆ ಖಾಲಿ ಇರುತ್ತದೆ, ಬೆಳೆಯುವ ತಲೆ ಖಾಲಿಯತ್ತ ಹೋಗುತ್ತದೆ. ಬೆಳವಣಿಗೆಯೇ ಬಂಡವಾಳ. ಮೂರರಿಂದ ಆರು ತಿಂಗಳವರೆಗೆ ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆದರೆ, ಆಮೇಲೆ ಅರ್ಧ ಸೆಂ.ಮೀ. ಮಾತ್ರ. ಐದನೇ ತಿಂಗಳಿಗೆ ಶುರುವಾದದ್ದಕ್ಕೂ ಹತ್ತನೇ ತಿಂಗಳಿಗೆ ಶುರುವಾದದ್ದಕ್ಕೂ ವ್ಯತ್ಯಾಸ ಅಲ್ಲೇ ಇದೆ.

ಇಲ್ಲಿಂದ ಮಾತು ಸ್ವಲ್ಪ ಮೆತ್ತಗಾಗುತ್ತದೆ. ಐದನೇ ತಿಂಗಳಲ್ಲಿ ತಲೆಯ ಎರಡು ಓರೆ ಅಳತೆ (ಹಣೆಯ ಒಂದು ಬದಿಯಿಂದ ಹಿಂದಲೆಯ ಎದುರು ಬದಿಗೆ) 142 ಮತ್ತು 128 ಮಿ.ಮೀ., ಅಂದರೆ 14 ಮಿ.ಮೀ. ಅಂತರ. ಜೂನ್ ಕೊನೆಯ ಸ್ಕ್ಯಾನಿನಲ್ಲಿ ಅಂತರ 6. ಮುಂದೆ ಸರಿದಿದ್ದ ಕಿವಿ ಹಿಂದಕ್ಕೆ ಬಂದಿದೆ. ಮಳೆ ಶುರುವಾದ ಮೇಲೆ ವಾಸನೆಯೂ ತಗ್ಗಿತು. ಮೇ ತಿಂಗಳಲ್ಲಿ ಬರೆದಿದ್ದರೆ ಐದಕ್ಕೆ ಎರಡು ಅಂಕ, ಈಗ ಮೂರೂವರೆ.

ಪೂರ್ತಿ ನಾಲ್ಕು ಕೊಡದಿರಲು ಒಂದು ಕಾರಣವಿದೆ. ನೆದರ್ಲೆಂಡ್ಸ್‌ನಲ್ಲಿ 84 ಕೂಸುಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷದ ಹೊತ್ತಿಗೆ ಹೆಲ್ಮೆಟ್ ಹಾಕಿದವರಲ್ಲಿ ಶೇ. 26, ಹಾಕದವರಲ್ಲಿ ಶೇ. 23 ಪೂರ್ತಿ ಸರಿಯಾಗಿದ್ದರು. ಕತ್ತಿನ ಸ್ನಾಯು ಬಿಗಿದ ಕೂಸುಗಳನ್ನು ಅದರಲ್ಲಿ ಸೇರಿಸಿರಲಿಲ್ಲ. 2016ರ ಅಮೆರಿಕದ ನರಶಸ್ತ್ರಚಿಕಿತ್ಸಕರ ಮಾರ್ಗಸೂಚಿ, ಮಲಗಿಸುವ ದಿಕ್ಕು ಬದಲಿಸಿ, ವ್ಯಾಯಾಮ ಮಾಡಿಸಿಯೂ ಸರಿಹೋಗದ ಮಧ್ಯಮ ಅಥವಾ ತೀವ್ರ ಚಪ್ಪಟೆಗೆ ಹೆಲ್ಮೆಟ್ ಹೇಳುತ್ತದೆ. ಅಲ್ಪ ಚಪ್ಪಟೆಗೆ ಇಷ್ಟು ಬೆವರು ಬೇಕಿಲ್ಲ.

ಈ ಭಾಗದಲ್ಲಿ ಚಪ್ಪಟೆ ಗಮನಕ್ಕೆ ಬರುವುದು ತಡವಾಗುವುದಕ್ಕೆ ಒಂದು ಚೆಂದದ ಕಾರಣ ಗುಳೇದಗುಡ್ಡದ ಖಣದ ಕುಂಚಿಗೆ. ನಾಲ್ಕು ತಿಂಗಳು ತಲೆ ಅದರೊಳಗೇ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಒಂದೂವರೆ ತಿಂಗಳ ಚುಚ್ಚುಮದ್ದಿಗೆ ಹೋಗುವ ದಿನವೇ ಎರೆದ ಮೇಲೆ ಒದ್ದೆ ಕೂದಲಿನಲ್ಲಿ ನೆತ್ತಿಯ ಮೇಲಿನಿಂದ ಒಂದು ಫೋಟೊ ತೆಗೆಯಿರಿ. ತೊಟ್ಟಿಲು ಗೋಡೆಗೆ ಒತ್ತಿ ನಿಂತಿದ್ದರೆ ಕೂಸು ಬೆಳಕು ಬರುವ ಬಾಗಿಲ ಕಡೆಗೇ ಕತ್ತು ಹೊರಳಿಸುತ್ತದೆ. ದಿನ ಬಿಟ್ಟು ದಿನ ತಲೆ-ಕಾಲು ದಿಕ್ಕು ಬದಲಿಸಿ. ಎಚ್ಚರವಿದ್ದಾಗ ಎದುರೇ ಕೂತು ಬೋರಲು ಮಲಗಿಸಿ, ಎರಡು ನಿಮಿಷದಿಂದ ಶುರುಮಾಡಿ. ನಿದ್ದೆ ಮಾತ್ರ ಅಂಗಾತವೇ. ಸಾಸಿವೆ ದಿಂಬು ತಲೆ ಗುಂಡಗೆ ಮಾಡುವುದಿಲ್ಲ, ಮೂಗು ಮುಚ್ಚುವ ಅಪಾಯ ಬೇರೆ. ಒಂದೇ ಕಡೆ ಕತ್ತು ಹೊರಳುತ್ತಿದ್ದರೆ ಫಿಸಿಯೊಥೆರಪಿ ಮೊದಲು. ಚಪ್ಪಟೆ ಕಡೆಯ ಕಿವಿ ಮುಂದೆ ಸರಿದಿರುವ ಬದಲು ಹಿಂದೆ ಎಳೆದಂತಿದ್ದರೆ, ಬುರುಡೆಯ ಸಂದಿನಲ್ಲಿ ಗೆರೆ ಎದ್ದು ಕೈಗೆ ಸಿಕ್ಕರೆ, ಹೆಲ್ಮೆಟ್ ಅಂಗಡಿಗಲ್ಲ, ನರಶಸ್ತ್ರಚಿಕಿತ್ಸಕರ ಬಳಿಗೆ ಹೋಗಿ.

ಗೋಳಗುಮ್ಮಟದ ಊರಿನಲ್ಲಿ ತಲೆಯ ಗುಂಡಗಿನ ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯ ಇದ್ದೇ ಇದೆ. ಸಂತೆಯಲ್ಲಿ ಕೇಳುವ ಮೊದಲ ಪ್ರಶ್ನೆ, “ಕೂಸು ಬಿದ್ದಿತ್ತೇನ್ರಿ, ಆಪರೇಶನ್ ಆಗೇದೇನು?” ಎರಡನೆಯದು, “ನಿಮ್ದು ಮುಗದ ಮ್ಯಾಲ ನಮ್ಮ ತಂಗಿ ಕೂಸಿಗೆ ಕೊಡ್ರಿ.” ಕೊಡಬೇಡಿ. ಒಳಗಿನ ಖಾಲಿ ಜಾಗ ಒಂದು ತಲೆಯ ಚಪ್ಪಟೆಗೆ ಮಾತ್ರ ಕೊರೆದದ್ದು. ಬೇರೆ ತಲೆಯಲ್ಲಿ ಅದು ತಪ್ಪು ಜಾಗಕ್ಕೆ ಬರುತ್ತದೆ, ಒತ್ತಡವೂ ಬೇಡದಲ್ಲಿ ಬೀಳುತ್ತದೆ.