ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ: ‘ಇಂಗ್ಲಿಷ್ ಗ್ರಾಮರ್ ಇನ್ ಯೂಸ್’

ರೇಮಂಡ್ ಮರ್ಫಿ ಅವರ ‘ಇಂಗ್ಲಿಷ್ ಗ್ರಾಮರ್ ಇನ್ ಯೂಸ್’ ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್‌ನಿಂದ ಮೊದಲು ಪ್ರಕಟವಾದದ್ದು 1985ರಲ್ಲಿ. ನಾನು ಬಳಸಿದ್ದು 2019ರ ಐದನೆಯ ಆವೃತ್ತಿ. ಇದರ 145 ಪಾಠಗಳಲ್ಲಿ ಪ್ರತಿಯೊಂದೂ ಎದುರುಬದುರಿನ ಎರಡು ಪುಟಗಳಲ್ಲಿ ಮುಗಿಯುತ್ತದೆ: ಎಡಗಡೆ ವಿವರಣೆ, ಬಲಗಡೆ ಅಭ್ಯಾಸ. ಬರೆಯುವಾಗ ಸಂದೇಹ ಬಂದರೆ ಹಾಳೆ ತಿರುಗಿಸದೆ ಪಕ್ಕಕ್ಕೆ ಕಣ್ಣು ಹಾಯಿಸಿದರೆ ಸಾಕು ಎಂಬುದು ಚಿಕ್ಕ ಅನುಕೂಲವಾಗಿ ಕಂಡರೂ, ಗುರುವಿಲ್ಲದೆ ಕಲಿಯುವವರಿಗೆ ಅದು ದೊಡ್ಡ ಆಸರೆ.

ಈ ಪುಸ್ತಕದ ನಿಜವಾದ ಶಕ್ತಿ ಇರುವುದು ಒಂದನ್ನೊಂದು ಹೋಲುವ ಎರಡು ರಚನೆಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುವುದರಲ್ಲಿ. ಕನ್ನಡದಲ್ಲಿ ‘ನಿನ್ನೆ ಪತ್ರ ಬರೆದೆ’ ಎಂದರೂ ಸರಿ, ‘ನಿನ್ನೆ ಪತ್ರ ಬರೆದಿದ್ದೇನೆ’ ಎಂದರೂ ಸರಿ. ಆದ್ದರಿಂದಲೇ ನಮ್ಮ ಬಾಯಲ್ಲಿ ‘ಐ ಹ್ಯಾವ್ ರಿಟನ್ ದ ಲೆಟರ್ ಯೆಸ್ಟರ್‌ಡೇ’ ಎಂಬ ತಪ್ಪು ವಾಕ್ಯ ಸಲೀಸಾಗಿ ಹೊರಡುತ್ತದೆ. ‘ಹತ್ತು ವರ್ಷದಿಂದ’, ‘2015ರಿಂದ’ ಎಂಬ ಎರಡೂ ಕಡೆ ನಮಗೆ ‘ಇಂದ’ ಒಂದೇ ಸಾಕಾದರೆ, ಇಂಗ್ಲಿಷ್ ಅವಧಿಗೆ ‘ಫಾರ್’ ಎಂದೂ ಆರಂಭದ ಬಿಂದುವಿಗೆ ‘ಸಿನ್ಸ್’ ಎಂದೂ ಬೇರ್ಪಡಿಸುತ್ತದೆ. ಏಳರಿಂದ ಹದಿನೆಂಟರವರೆಗಿನ ಪಾಠಗಳು ಈ ಭೇದಗಳನ್ನು ಹಂತಹಂತವಾಗಿ ಬಿಡಿಸುತ್ತವೆ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎನ್ನುವ ಅಭ್ಯಾಸ ತಪ್ಪಿ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೆನ್ ಇಯರ್ಸ್’ ಎಂಬುದು ತಾನಾಗಿ ನಾಲಿಗೆಗೆ ಬಂದದ್ದು ಈ ಪಾಠಗಳನ್ನು ಮೂರು ಬಾರಿ ಮಾಡಿದ ಮೇಲೆಯೇ.

‘ಎ’, ‘ದ’ಗಳ ಪಾಠಗಳೂ ಅಷ್ಟೇ ಉಪಯುಕ್ತ. ‘ಪುಸ್ತಕ ಓದಿದೆ’, ‘ಪುಸ್ತಕವನ್ನು ಓದಿದೆ’ ಎಂಬಲ್ಲಿ ಯಾವುದೋ ಒಂದು ಪುಸ್ತಕವೋ, ಗೊತ್ತಿರುವ ಪುಸ್ತಕವೋ ಎಂಬ ಸೂಕ್ಷ್ಮವನ್ನು ನಮ್ಮ ವಿಭಕ್ತಿಯೇ ಎಷ್ಟೋ ಸಲ ಹೊರುತ್ತದೆಂದು ನಾನು ಗಮನಿಸಿದ್ದೂ ಇವುಗಳನ್ನು ಮಾಡುವಾಗಲೇ.

ಮಿತಿಯೂ ಇದೆ. ಪಾಠದ ತಲೆಬರಹವೇ ಯಾವ ರಚನೆ ಬೇಕೆಂದು ಹೇಳಿಬಿಡುವುದರಿಂದ, ಬಿಟ್ಟ ಸ್ಥಳ ತುಂಬುವಾಗ ಆಯ್ಕೆಯ ಶ್ರಮ ಬಹಳ ಕಡೆ ಉಳಿಯುವುದಿಲ್ಲ. ಮಾತಿನ ನಡುವೆ ಬೇಕಾಗುವುದು ಆ ಶ್ರಮವೇ. ಹಲವು ಪಾಠಗಳನ್ನು ಬೆರೆಸಿದ ಹೆಚ್ಚುವರಿ ಅಭ್ಯಾಸಗಳು ಕೊನೆಯಲ್ಲಿವೆ, ಅವುಗಳನ್ನು ಬಿಡಬಾರದು. ನಾನು ಪ್ರತಿ ಪಾಠದ ಉತ್ತರಗಳನ್ನು ಪುಸ್ತಕದಲ್ಲಿ ಬರೆಯದೆ ಬೇರೆ ನೋಟ್‌ಬುಕ್‌ನಲ್ಲಿ ಬರೆದು, ನನ್ನದೇ ದಿನಚರಿಯ ಬಗ್ಗೆ ಐದು ವಾಕ್ಯ ರಚಿಸಿ ಗಟ್ಟಿಯಾಗಿ ಓದಿ, ವಾರ ಕಳೆದ ಮೇಲೆ ಅದೇ ಪಾಠವನ್ನು ಮತ್ತೆ ಮಾಡುತ್ತಿದ್ದೆ. ಖಾಲಿ ಜಾಗ ತುಂಬುವಾಗ ಅಡಗಿದ್ದ ತಪ್ಪುಗಳು ಈ ಸ್ವಂತ ವಾಕ್ಯಗಳಲ್ಲಿ ಹೊರಬಿದ್ದವು.

ಮೊದಲ ಪುಟದಿಂದ ಕೊನೆಯವರೆಗೆ ಸಾಲಾಗಿ ಓದಬೇಕಾದ ಪುಸ್ತಕ ಇದಲ್ಲ. ಯಾವ ಪಾಠ ಬೇಕೆಂದು ಕಂಡುಕೊಳ್ಳಲು ಹಿಂದಿರುವ ‘ಸ್ಟಡಿ ಗೈಡ್’ ನೆರವಾಗುತ್ತದೆ. ವಿವರಣೆಯೆಲ್ಲ ಇಂಗ್ಲಿಷಿನಲ್ಲೇ ಇರುವುದರಿಂದ ತೀರ ಹೊಸಬರು ಇದೇ ಲೇಖಕರ ‘ಎಸೆನ್ಷಿಯಲ್ ಗ್ರಾಮರ್ ಇನ್ ಯೂಸ್’ನಿಂದ ತೊಡಗುವುದು ಒಳ್ಳೆಯದು. ಉತ್ತರಗಳಿಲ್ಲದ ಮುದ್ರಣವೂ ಮಾರಾಟದಲ್ಲಿರುವುದರಿಂದ, ಒಬ್ಬರೇ ಕಲಿಯುವವರು ಕೊಳ್ಳುವ ಮುನ್ನ ಮುಖಪುಟದಲ್ಲಿ ‘ವಿತ್ ಆನ್ಸರ್ಸ್’ ಎಂದಿದೆಯೇ ಎಂದು ನೋಡಿಕೊಳ್ಳಬೇಕು.