ಹಾಲು ಹಾಕಿ ಗಬ್ಬ ನೋಡುವ ಪಟ್ಟಿ: ಮೂರು ವರ್ಷ ಬಳಸಿದ ಮೇಲೆ

ನಮ್ಮ ಕೊಟ್ಟಿಗೆಯಲ್ಲಿ ಏಳು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳಿವೆ. ಹಾಲಿನ ಪ್ರೊಜೆಸ್ಟೆರಾನ್ ನೋಡುವ ಪಟ್ಟಿಯನ್ನು ಮೂರು ವರ್ಷದಿಂದ ಬಳಸುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಪಟ್ಟಿ ‘ಗಬ್ಬ ಇಲ್ಲ’ ಅಂದರೆ ನಂಬಿ. ‘ಇದೆ’ ಅಂದರೆ ಪೂರ್ತಿ ನಂಬಬೇಡಿ.

ಹಸು ಹೆಚ್ಚುಕಡಿಮೆ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ ಅಲ್ವಾ? ಬೆದೆಯ ಹೊತ್ತಿಗೆ ಹಾಲಿನಲ್ಲಿ ಪ್ರೊಜೆಸ್ಟೆರಾನ್ ಹಾರ್ಮೋನು ತೀರಾ ಇಳಿದಿರುತ್ತದೆ. ಗಬ್ಬ ನಿಂತರೆ ಇಳಿಯುವುದಿಲ್ಲ. ಸೆಮೆನ್ ಕೊಡಿಸಿದ 21ರಿಂದ 24ನೇ ದಿನದೊಳಗೆ ಹಾಲು ನೋಡಿದರೆ ಖಾಲಿ ಇರುವ ಹಸು ಗೊತ್ತಾಗಿಬಿಡುತ್ತದೆ. ಮೊದಲೆಲ್ಲ ಡಾಕ್ಟರು ಕೈ ಹಾಕಿ ನೋಡುವವರೆಗೆ ಎರಡು, ಎರಡೂವರೆ ತಿಂಗಳು ಕಾಯುತ್ತಿದ್ದೆವು. ಬೇಸಿಗೆಯಲ್ಲಿ ಮೂಕ ಬೆದೆ ಜಾಸ್ತಿ. ಹಸು ಕೂಗುವುದಿಲ್ಲ, ಲೋಳೆ ಕಾಣುವುದಿಲ್ಲ. ನಿಂತಿದೆ ಅಂದುಕೊಂಡು ಸುಮ್ನೆ ಇರುತ್ತಿದ್ದೆವು. ಅಷ್ಟರಲ್ಲಿ ಎರಡು ಮೂರು ಬೆದೆ ಕೈತಪ್ಪಿರುತ್ತಿತ್ತು. ಹಿಂಡಿ, ಬೂಸಾ ಖರ್ಚು ಮಾತ್ರ ನಿಲ್ಲುವುದಿಲ್ಲ.

ಪಟ್ಟಿ ಓದುವಾಗ ಎಚ್ಚರ ಬೇಕು. ಮನುಷ್ಯರ ಕಿಟ್‌ನಲ್ಲಿ ಎರಡು ಗೆರೆ ಬಂದರೆ ಬಸಿರು. ಇದರಲ್ಲಿ ಉಲ್ಟಾ: ಹಾರ್ಮೋನು ಜಾಸ್ತಿ ಇದ್ದಷ್ಟೂ ಎರಡನೇ ಗೆರೆ ಮಸುಕಾಗುತ್ತದೆ. ಮೊದಲ ಸಲ ಎರಡು ಗೆರೆ ದಟ್ಟವಾಗಿ ಮೂಡಿದಾಗ ನಮ್ಮ ಅತ್ತೆ ಖುಷಿಯಿಂದ ದೇವರಿಗೆ ದೀಪ ಹಚ್ಚಿದರು. ಸಂಜೆಗೆ ಗೌರಿ ಬೆದೆಗೆ ಬಂದಳು. ಮೆಡಿಕಲ್ ಸ್ಟೋರಿನ ಕಿಟ್ ತಂದು ಹಸುವಿನ ಗಂಜಳ ಹಾಕುವವರೂ ಇದ್ದಾರೆ. ದುಡ್ಡು ದಂಡ. ಆ ಕಿಟ್ ಹುಡುಕುವುದು ಬಸಿರು ಹೆಂಗಸರ ಮೈಯಲ್ಲಿ ಹುಟ್ಟುವ ಹಾರ್ಮೋನಾದ ಎಚ್‌ಸಿಜಿಯನ್ನು. ಹಸುವಿನ ಮೈಯಲ್ಲಿ ಆ ಹಾರ್ಮೋನು ಹುಟ್ಟುವುದೇ ಇಲ್ಲ.

ಪಟ್ಟಿಯ ‘ಇದೆ’ಯನ್ನು ನಂಬಿ ನಾನು ಒಮ್ಮೆ ಕೆಟ್ಟೆ. ತುಂಗೆಗೆ 22ನೇ ದಿನ ಎರಡನೇ ಗೆರೆ ಕಾಣಲೇ ಇಲ್ಲ. ನೆಮ್ಮದಿಯಾಗಿದ್ದೆ. 75ನೇ ದಿನ ಡಾಕ್ಟರು ಕೈ ಹೊರಗೆ ತೆಗೆದು, “ಏನೂ ಇಲ್ಲ ಕಣಮ್ಮ” ಅಂದರು. ಆ ಹೊತ್ತು ಕಣ್ಣಲ್ಲಿ ನೀರು ಬಂತು. ಅವರೇ ಬಿಡಿಸಿ ಹೇಳಿದರು. ನಿಂತ ಗಬ್ಬ ಆಮೇಲೆ ಕರಗಿರಬಹುದು. ಅಥವಾ ಸೆಮೆನ್ ಕೊಡಿಸಿದ ದಿನ ಅದು ನಿಜವಾದ ಬೆದೆಯಲ್ಲೇ ಇರಲಿಲ್ಲವೇನೋ. ಪ್ರೊಜೆಸ್ಟೆರಾನ್ ಬರುವುದು ಹಸುವಿನ ಅಂಡಾಶಯದಿಂದ, ಕರುವಿನಿಂದಲ್ಲ. ಗಬ್ಬ ಇಲ್ಲದೆಯೂ ಅದು ಜಾಸ್ತಿ ಇರಬಹುದು.

ಆಗಿನಿಂದ ಬೆದೆ ಅನುಮಾನ ಇದ್ದರೆ ಸೆಮೆನ್ ಕೊಡಿಸುವ ಮುಂಚೆಯೂ ಒಂದು ಪಟ್ಟಿ ಹಾಕುತ್ತೇನೆ. ಹಾರ್ಮೋನು ಜಾಸ್ತಿ ಇದ್ದರೆ ಅದು ಬೆದೆಯಲ್ಲ, ಕೊಡಿಸುವುದಿಲ್ಲ. ನನಗೆ ಜಾಸ್ತಿ ಲಾಭ ಆಗಿದ್ದು ಈ ಬಳಕೆಯಲ್ಲೇ. ‘ಇದೆ’ ಎಂದ ಹಸುವಿಗೆ 30 ದಿನ ಕಳೆದ ಮೇಲೆ ಡಾಕ್ಟರು ರಕ್ತ ತೆಗೆದು ಪಿಎಜಿ ಪರೀಕ್ಷೆಗೆ ಕಳಿಸುತ್ತಾರೆ. ಪಿಎಜಿ ಹಾರ್ಮೋನಲ್ಲ, ಕರುವಿನ ಮಾಸಿನಿಂದಲೇ ಬರುವ ಪ್ರೋಟೀನು. ಅದರ ‘ಇದೆ’ಗೆ ತೂಕ ಜಾಸ್ತಿ. ಆದರೆ ಕರು ಹಾಕಿ ಎರಡು ತಿಂಗಳು ಆಗಿರಬೇಕು, ಇಲ್ಲದಿದ್ದರೆ ಹಿಂದಿನ ಗಬ್ಬದ ಪಿಎಜಿಯೇ ರಕ್ತದಲ್ಲಿ ಉಳಿದಿರುತ್ತದೆ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಪಟ್ಟಿ ನೋಡಿಕೊಂಡು ಬೆದೆ ಬರಿಸುವ ಪಿಜಿ (ಪ್ರೊಸ್ಟಾಗ್ಲಾಂಡಿನ್) ಇಂಜೆಕ್ಷನ್ ನೀವೇ ಕೊಡಬೇಡಿ. ಹಸು ಗಬ್ಬ ಇದ್ದರೆ ಕಂದು ಹಾಕಿಬಿಡುತ್ತದೆ.

ಪಟ್ಟಿಯನ್ನು ಫ್ರಿಜ್‌ನಲ್ಲಿ ಇಡುತ್ತೇನೆ. ಬಳಸುವ ಮುಂಚೆ ಅರ್ಧ ಗಂಟೆ ಹೊರಗಿಡಬೇಕು. ಈ ಹಾರ್ಮೋನು ಹಾಲಿನ ಜಿಡ್ಡಿನಲ್ಲಿ ಜಾಸ್ತಿ ಸೇರಿರುತ್ತದೆ. ಕಡೆಯ ಹಾಲಿನಲ್ಲಿ ಜಿಡ್ಡು ಜಾಸ್ತಿ. ಹಾಗಾಗಿ ಪ್ರತಿ ಸಲ ಒಂದೇ ಹೊತ್ತಿನ, ಒಂದೇ ಹಂತದ ಹಾಲು ತೆಗೆದುಕೊಳ್ಳಿ. ಕೆಚ್ಚಲುಬಾವು ಬಂದ ಮೊಲೆಯ ಹಾಲು ಬೇಡ.

ಐದಕ್ಕೆ ನಾಲ್ಕು ಕೊಡುತ್ತೇನೆ. ಬೆಲೆ ಅಗ್ಗವೇನಲ್ಲ. ಒಂದೇ ಹಸು ಇದ್ದು, ಬೆಳಿಗ್ಗೆ ಸಂಜೆ ಬೆದೆ ಗಮನಿಸಲು ಪುರುಸೊತ್ತು ಇರುವವರಿಗೆ ಡಬ್ಬಿಗಟ್ಟಲೆ ಬೇಕಾಗಿಲ್ಲ. ಐದಾರು ಹಸು ಇದ್ದು ತಾರೀಕು ಸರಿಯಾಗಿ ಬರೆದಿಡುವವರು ತಗೊಳ್ಳಿ.